ಹೊಲಿಗೆಯಕ್ಕ ಬಿಚ್ಚದೆ ಬಿಟ್ಟ ತೋಳು

ಹೋದ ಬುಧವಾರ ಮಧ್ಯಾಹ್ನ ಮೊಮ್ಮಗಳು ತನ್ನ ಹಸಿರು ರವಿಕೆಯನ್ನು ನನ್ನ ಮಡಿಲಿಗೆ ಹಾಕಿ, "ಅಜ್ಜಿ, ತೋಳು ಬಿಗಿ ಆಗ್ತಿದೆ, ಒಂಚೂರು ಬಿಚ್ಚಿಕೊಡು" ಎಂದಳು. ಏಳು ತಿಂಗಳು ತುಂಬಿ, ಬಾಣಂತನಕ್ಕೆಂದು ಕಡೂರಿಗೆ, ತಾಯಿಯ ಮನೆಗೆ ಬಂದು ಅವಳಿಗೆ ಎಂಟು ದಿನವಾಗಿತ್ತು. ನಾನು ಇರುವುದೂ ಅದೇ ಮನೆಯಲ್ಲಿ, ಮಗಳ ಜೊತೆ. ಕನ್ನಡಕ ಹಾಕಿಕೊಂಡು, ಕತ್ತರಿಯ ತುದಿಯಿಂದ ತೋಳಿನ ಒಂದು ಹೊಲಿಗೆ ಎಬ್ಬಿಸಿದೆ. ಒಳಗೆ ಮಡಚಿದ್ದ ಬಟ್ಟೆ ಕಂಡಿತು. ಹೊರಗಿನದು ಒಗೆದು ಒಗೆದು ಮಾಸಿತ್ತು. ಒಳಗಿನದು ಮಾತ್ರ ಅಂಗಡಿಯಿಂದ ತಂದ ದಿನದ ಹಾಗೇ ಹಸಿರಾಗಿತ್ತು. ಮಿಷನ್ನಿನ ಎಣ್ಣೆಯ ವಾಸನೆ ಕೂಡ ಸ್ವಲ್ಪ ಉಳಿದಿತ್ತು...

ನನ್ನ ಕೈ ಅಲ್ಲಿಗೇ ನಿಂತಿತು.

"ಮೊದಲು ಆಸ್ಪತ್ರೆಗೆ ಹೋಗಿ ಬೀಪಿ ನೋಡಿಸಿಕೊಂಡು ಬಾ. ಆಮೇಲೆ ಬಿಚ್ಚಿಕೊಡ್ತೀನಿ" ಎಂದೆ.

"ರವಿಕೆಗೂ ಬೀಪಿಗೂ ಏನಜ್ಜಿ ಸಂಬಂಧ?" ಎಂದು ಅವಳು ನಕ್ಕಳು. ಒಳಗಿನ ಕೋಣೆಯಿಂದ ಅವಳ ತಮ್ಮ, "ಅಜ್ಜಿ ಅಂಗಡೀಲಿ ಡಾಕ್ಟ್ರ ಚೀಟಿ ಇಲ್ದೆ ಹೊಲಿಗೆ ಬಿಚ್ಚಲ್ಲ ಕಣೇ!" ಎಂದು ಕೂಗಿದ. ಮಗಳೂ ನಕ್ಕಳು. ನಾಲ್ಕು ಜನ ನನ್ನನ್ನೇ ನೋಡುತ್ತಿದ್ದರೆ ಮೊದಲಿಂದಲೂ ನನಗೆ ಬಾಯಿ ಕಟ್ಟುತ್ತದೆ. ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದೆ. ಏಳು ವರ್ಷವೂ ಗೊತ್ತಿದ್ದ ಉತ್ತರವನ್ನು ಎದ್ದು ನಿಂತು ಹೇಳಿದವಳಲ್ಲ. ಸ್ಲೇಟಿನ ಮೇಲೆ ಬರೆದು ಮೇಷ್ಟ್ರಿಗೆ ತೋರಿಸುತ್ತಿದ್ದೆ. ಈಗಲೂ ಹಾಗೇ ಮಾಡುತ್ತಿದ್ದೇನೆ, ಮಕ್ಕಳೇ. ನಿಮ್ಮ ಹಳೇ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಇದನ್ನು ಬರೆದಿಡುತ್ತೇನೆ. ನೀವೇ ಓದಿಕೊಳ್ಳಿ.

ನಾನು ಮದುವೆಯಾಗಿ ಹೋದದ್ದು ಅಜ್ಜಂಪುರದ ಹತ್ತಿರದ ಒಂದು ಹಳ್ಳಿಗೆ. ನಮ್ಮ ಮನೆಯ ಹಿಂದಿನ ಬೀದಿಯಲ್ಲಿ, ತಮ್ಮ ಅಣ್ಣನ ಮನೆಯ ಮುಂದಿನ ಕೋಣೆಯಲ್ಲಿ ಒಬ್ಬರು ಹೊಲಿಗೆ ಹಾಕುತ್ತಿದ್ದರು. ಊರಿಗೆಲ್ಲ ಅವರು ಹೊಲಿಗೆಯಕ್ಕ. ಗಂಡನಿಗೆ ಬೀರೂರಿನಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇತ್ತಂತೆ. ಅವರು ತೀರಿಹೋದ ಮೇಲೆ ಅಕ್ಕ ಮಿಷನ್ನನ್ನು ಗಾಡಿಯಲ್ಲಿ ಹೇರಿಕೊಂಡು ತೌರಿಗೆ ಬಂದರು. ಬಂದ ಮಾರನೇ ದಿನವೇ ಮಿಷನ್ನಿನ ಮುಂದೆ ಕೂತರು, ಇನ್ನೊಬ್ಬರ ಮನೆಯ ಅನ್ನಕ್ಕೆ ಕೈ ಚಾಚಲಿಲ್ಲ ಎಂದು ಊರಿನ ಹೆಂಗಸರು ಹೇಳುತ್ತಿದ್ದರು.

ಅಕ್ಕನಿಗೆ ಅಕ್ಷರ ಬರುತ್ತಿರಲಿಲ್ಲ. ಅದಕ್ಕೇ ಅವರು ಅಳತೆಯನ್ನು ಬರೆದುಕೊಳ್ಳುತ್ತಿರಲಿಲ್ಲ. ಒಬ್ಬೊಬ್ಬ ಹೆಂಗಸಿಗೂ ಒಂದೊಂದು ದಪ್ಪ ನೂಲಿನ ದಾರ. ಒಂದು ತುದಿಯಿಂದ ಹಿಡಿದರೆ ಮೊದಲನೇ ಗಂಟು ತೋಳಿನ ಸುತ್ತಳತೆ, ಎರಡನೆಯದು ಸೊಂಟ, ಮೂರನೆಯದು ಎದೆ. ದಾರದ ತುದಿಗೆ ಆಯಾ ಹೆಂಗಸಿನ ರವಿಕೆಯ ಚೂರು ಬಟ್ಟೆ ಕಟ್ಟಿರುತ್ತಿದ್ದರು. ಗೋಡೆಯ ಮೊಳೆಗೆ ಊರಿನ ಹೆಂಗಸರೆಲ್ಲ ಹಾಗೆ ಬಣ್ಣಬಣ್ಣವಾಗಿ ನೇತಾಡುತ್ತಿದ್ದರು. ಒಮ್ಮೆ ನಾನು ಧೈರ್ಯ ಮಾಡಿ, "ಅಕ್ಕ, ಒಂದು ಪುಸ್ತಕದಲ್ಲಿ ಬರೆದುಕೊಡ್ಲಾ?" ಎಂದಿದ್ದೆ. ಅವರು ತುಟಿಯ ನಡುವೆ ಕಚ್ಚಿದ್ದ ಗುಂಡುಪಿನ್ನುಗಳನ್ನು ತೆಗೆಯದೆಯೇ ನಕ್ಕು, "ಬರ್ದ್ರೆ ನೀನು ಓದ್ತೀಯ. ದಾರ ಆದ್ರೆ ನಾನು ಓದ್ತೀನಿ. ಹೊಲಿಯೋಳು ಯಾರು, ನೀನಾ ನಾನಾ?" ಎಂದರು.

ನಿಮ್ಮ ಅಮ್ಮ ನನ್ನ ಮೂರನೇ ಬಸಿರು. ಇದು ನಿಮಗೆ ಗೊತ್ತಿಲ್ಲ. ಮೊದಲಿನ ಎರಡೂ ಎಂಟನೇ ತಿಂಗಳಲ್ಲಿ ಹೋದವು. ಎರಡೂ ಗಂಡು... ಒಂದೂ ಅಳಲಿಲ್ಲ. ಅದನ್ನು ಇಷ್ಟೇ ಬರೆಯುತ್ತೇನೆ.

ಮೊದಲನೆಯದು ನನ್ನ ತೌರಿನಲ್ಲಿ, ಹಿರೇನಲ್ಲೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಆಯಿತು. ಆಗ ನಮ್ಮವ್ವ ಆಸೆಯಿಂದ ಆರನೇ ತಿಂಗಳಿಗೇ ಕೂಸಿಗೆ ಜುಬ್ಬ, ಹಾಸೋ ಬಟ್ಟೆ ಎಲ್ಲ ಹೊಲಿದಿಟ್ಟಿದ್ದಳು. ಹೊಲಿದಿಟ್ಟ ಬಟ್ಟೆ ಹಾಗೇ ಉಳಿಯಿತು. ನಮ್ಮತ್ತೆಗೆ ಅದು ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಹುಟ್ಟದ ಕೂಸಿಗೆ ಸೂಜಿ ಹಿಡಿಯಬಾರದು, ಹೊಸ ಬಟ್ಟೆ ಮನೆಗೆ ಬರಬಾರದು ಎಂದು ಕಟ್ಟುಮಾಡಿದರು. ಎರಡನೆಯ ಬಸಿರಿನಲ್ಲಿ ಯಾರೂ ಏನನ್ನೂ ಹೊಲಿಯಲಿಲ್ಲ. ಅದೂ ನಿಲ್ಲಲಿಲ್ಲ. ಆದರೂ ಅತ್ತೆಯ ಕಟ್ಟು ಸಡಿಲವಾಗಲಿಲ್ಲ, ಇನ್ನೂ ಬಿಗಿಯಾಯಿತು. ಅವರನ್ನು ಈಗ ನಾನು ದೂರುವುದಿಲ್ಲ. ಹೆದರಿದವರಿಗೆ ಹಿಡಿದುಕೊಳ್ಳಲು ಏನಾದರೂ ಬೇಕು.

ಮೂರನೆಯ ಸಲ ನಮ್ಮವ್ವ ಬದುಕಿರಲಿಲ್ಲ. ಹಾಗಾಗಿ ಅತ್ತೆಯ ಮನೆಯಲ್ಲೇ ಉಳಿದೆ. ಐದನೇ ತಿಂಗಳಲ್ಲಿ ಕೂಸು ಒಳಗೆ ಮಿಸುಕಾಡಲು ಶುರುವಾದಾಗ ನನಗೆ ಸಂತೋಷಕ್ಕಿಂತ ಹೆದರಿಕೆಯೇ ಹೆಚ್ಚಾಯಿತು. ಮನೆಯಲ್ಲಿ ಸುಮ್ಮನೆ ಕೂತರೆ ದಿನ ಎಣಿಸುವುದೇ ಕೆಲಸ. ಅದಕ್ಕೆ ಮಧ್ಯಾಹ್ನ ಪಾತ್ರೆ ತೊಳೆದು ಮುಗಿಸಿ, ಏನೋ ನೆಪ ಹೇಳಿ ಹೊಲಿಗೆಯಕ್ಕನ ಕೋಣೆಗೆ ಹೋಗಿ ಕೂರುತ್ತಿದ್ದೆ. ಅವರು ಏನನ್ನೂ ಕೇಳುತ್ತಿರಲಿಲ್ಲ. ಮಿಷನ್ನು ತುಳಿಯುತ್ತಿದ್ದರು, ನಾನು ನೋಡುತ್ತಿದ್ದೆ. ನೆಲದ ಮೇಲೆ ಬಿದ್ದ ಚೂರುಗಳನ್ನು ಬಣ್ಣ ಬಣ್ಣ ಸೇರಿಸಿ ಜೋಡಿಸಿಡುತ್ತಿದ್ದೆ.

ಒಂದು ದಿನ ಅವರು ಸೂಜಿಗೆ ದಾರ ಪೋಣಿಸಿ ನನ್ನ ಮುಂದೆ ಚಾಚಿದರು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ.

"ನಮ್ಮತ್ತೆ ಹೊಸ ಬಟ್ಟೆ ಹೊಲೀಬಾರ್ದು ಅಂದವ್ರೆ, ಅಕ್ಕ."

"ಇದು ಎಲ್ಲಿ ಹೊಸದು? ಇದು ಶಾನುಭೋಗರ ಮನೇದು, ಇದು ನೀರಗಂಟಿ ಹೆಂಡ್ತೀದು, ಇದು ನಿಮ್ಮತ್ತೇದೇ ಕಣೇ. ಊರೋರ ಚೂರು. ನಿಮ್ಮತ್ತೆ ಚೂರು ಬ್ಯಾಡ ಅಂದ್ರಾ?"

"ಚೂರು ಅಂತ ಹೇಳ್ಲಿಲ್ಲ..."

"ಮತ್ತೆ? ಹೇಳ್ದೇ ಇರೋದನ್ನ ನೀನ್ಯಾಕೆ ಸೇರಿಸ್ಕೊಂತೀಯ?"

ಹಾಗೆ ಶುರುವಾದದ್ದು ಆ ಕುಲಾವಿ. ಈಗಿನ ಮಕ್ಕಳಿಗೆ ಉಣ್ಣೆ ಟೋಪಿ ಹಾಕುತ್ತೀರಲ್ಲ, ಆಗ ಕಿವಿ, ಕತ್ತು ಎಲ್ಲ ಮುಚ್ಚುವ ಹಾಗೆ ಬಟ್ಟೆಯಲ್ಲೇ ಹೊಲಿದು ಗದ್ದದ ಕೆಳಗೆ ಲಾಡಿ ಕಟ್ಟುತ್ತಿದ್ದೆವು. ಅಕ್ಕ ಚೂರುಗಳನ್ನು ಮೂರು ಮೂಲೆಯಾಗಿ ಕತ್ತರಿಸಿಕೊಟ್ಟರು. ಒಳಗೆ ನಿಮ್ಮ ತಾತನ ಹಳೇ ಪಂಚೆಯ ಮೆತ್ತನೆ ಬಟ್ಟೆ. ಮಿಷನ್ನಿಗೆ ಕೊಡಲಿಲ್ಲ, ಕೈಯಲ್ಲೇ ಹೊಲಿ ಎಂದರು. ನನ್ನ ಹೊಲಿಗೆ ಮೊದಮೊದಲು ಕೋಳಿ ಕೆದರಿದ ಹಾಗಿತ್ತು. ಅವರು ಎರಡೆರಡು ಸಲ ಬಿಚ್ಚಿಸಿದರು. "ಕೂಸಿನ ತಲೆಗೆ ಗಂಟು ಒತ್ತಬಾರ್ದು, ಗಂಟೆಲ್ಲ ಹೊರಗೆ ಬರ್ಲಿ" ಎಂದರು. ಅಷ್ಟು ತಿಂಗಳಲ್ಲಿ 'ಕೂಸಿನ ತಲೆ' ಎಂದು, ಆ ಕೂಸು ಬಂದೇ ಬರುತ್ತದೆ ಎನ್ನುವ ಹಾಗೆ ಮಾತಾಡಿದವರು ಅವರೊಬ್ಬರೇ.

ಏಳನೇ ತಿಂಗಳಿಗೆ ನನಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಮಡಿಲು ತುಂಬಿದರು. ತಾಯಿಗೆ ಸೀರೆ, ರವಿಕೆ ಹೊಸದಿದ್ದರೆ ಅತ್ತೆಗೆ ಅಡ್ಡಿಯಿರಲಿಲ್ಲ. ಕೂಸಿಗೆ ಮಾತ್ರ ಬೇಡ. ರವಿಕೆ ಹೊಲಿದದ್ದು ಅಕ್ಕನೇ. ಅಂದು ಬಳೆಗಳು ಮುಂಗೈಯಲ್ಲಿ ಮೇಲಕ್ಕೂ ಕೆಳಕ್ಕೂ ಜಣಜಣ ಓಡಾಡುತ್ತಿದ್ದವು. ರವಿಕೆಯ ತೋಳಿನಲ್ಲಿ ಒಂದು ಬೆರಳು ಆಡುವಷ್ಟು ಸಡಿಲವಿತ್ತು. ಹತ್ತು ಹನ್ನೆರಡು ದಿನಕ್ಕೆ ಆ ತೋಳು ಬಿಗಿಯಾಯಿತು. ನಾನೇ ತೆಗೆದುಕೊಂಡು ಹೋದೆ. ಅಕ್ಕ ಅರ್ಧ ಇಂಚು ಬಿಚ್ಚಿಕೊಟ್ಟರು. ಕೊಡುವಾಗ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಹುಷಾರಾಗಿದೀಯ ತಾನೇ?" ಎಂದರು. "ಹೂಂ" ಎಂದೆ. ಅಷ್ಟರಲ್ಲಾಗಲೇ ಆಗಾಗ ತಲೆನೋವು ಬರುತ್ತಿತ್ತು. ಹೇಳಲಿಲ್ಲ. ಹೇಳಿದರೆ ಹೆದರಿಕೆಯನ್ನು ನಾನೇ ಕೂಗಿ ಕರೆದ ಹಾಗೆ ಅನ್ನಿಸುತ್ತಿತ್ತು.

ಆ ವಾರವೇ ಕುಲಾವಿ ಸಿಕ್ಕಿಬಿದ್ದಿತು. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದೆ. ಮೊರ ಎತ್ತಿಕೊಳ್ಳಲು ಬಗ್ಗಿದಾಗ ಅತ್ತೆಯ ಕಾಲ ಮುಂದೆಯೇ ಬಿತ್ತು. ಲಾಡಿಯೊಂದು ಬಿಟ್ಟರೆ ಎಲ್ಲ ಮುಗಿದಿತ್ತು. ಅತ್ತೆ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಅದನ್ನು ಎತ್ತಿಕೊಂಡು, ತಿರುಗಿಸಿ ನೋಡಿ, "ಎರಡು ಸಾಲ್ದಾ ನಿಂಗೆ?" ಎಂದರು. ಅಷ್ಟೇ. ಕುಲಾವಿಯನ್ನು ಒಳಗೆ ತೆಗೆದುಕೊಂಡು ಹೋದರು. ಒಲೆಗೆ ಹಾಕಿದರು ಎಂದುಕೊಂಡೆ. ಅಂದಿನಿಂದ ಹಿಂದಿನ ಬೀದಿಗೆ ನಾನು ಕಾಲಿಡುವ ಹಾಗಿರಲಿಲ್ಲ.

ಆಮೇಲಿನ ದಿನಗಳು ಹೇಗೆ ಕಳೆದವೋ... ಕೈ, ಕಾಲು, ಮುಖ ಎಲ್ಲ ತುಂಬಿಕೊಂಡವು. ಬಂದವರಿಗೆಲ್ಲ ಅತ್ತೆ ಹೆಮ್ಮೆಯಿಂದ, "ಈ ಸಲ ಮೈ ಹಿಡ್ದದೆ ನೋಡ್ರಿ, ಹೋದ ಎರಡು ಸಲ ಬರೀ ಕಾಲು ಊದಿತ್ತು" ಎನ್ನುತ್ತಿದ್ದರು. ನನಗೂ ಹಾಗೇ ಅನ್ನಿಸುತ್ತಿತ್ತು, ಒಳ್ಳೆಯದೇ ಇರಬೇಕು ಎಂದು. ಆದರೆ ತಲೆ ಸಿಡಿಯುತ್ತಿತ್ತು. ಹಗಲು ಹೊತ್ತಿನಲ್ಲೇ ಕಣ್ಣ ಮುಂದೆ ಮಿಣುಕುಹುಳ ಹಾರಿದ ಹಾಗಾಗುತ್ತಿತ್ತು. ಇದೆಲ್ಲ ಕುಲಾವಿ ಹೊಲಿದ ತಪ್ಪಿಗೆ ಎಂದು ನಾನು ಒಳಗೊಳಗೇ ತೀರ್ಮಾನ ಮಾಡಿಕೊಂಡಿದ್ದೆ. ತಪ್ಪು ಮಾಡಿದವಳು ನೋವನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಹಸಿರು ರವಿಕೆ ಮತ್ತೆ ಬಿಗಿಯಾಯಿತು. ಅತ್ತೆ ರಾಗಿ ಬೀಸಿಸಲು ಗಿರಣಿಗೆ ಹೊರಟವರು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದರು. ಹೊಲಿಗೆಯಕ್ಕನ ಮೇಲೆ ಸಿಟ್ಟಿದ್ದರೂ ಊರಿನಲ್ಲಿ ಬೇರೆ ಮಿಷನ್ನು ಇರಲಿಲ್ಲವಲ್ಲ. ಬಾಗಿಲಲ್ಲೇ ನಿಂತು ರವಿಕೆ ಕೊಟ್ಟು, "ತೋಳು ಬಿಚ್ಚಿಡು, ವಾಪಸ್ ಬರ್ತಾ ಇಸ್ಕೊಂತೀನಿ" ಎಂದು ಹೇಳಿ ಹೋದರಂತೆ. ಇದನ್ನು ಅಕ್ಕ ನನಗೆ ಆಮೇಲೆ ಹೇಳಿದರು.

ನಾನು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಅತ್ತೆ ಹಿಟ್ಟಿನ ಡಬ್ಬ ಇಳಿಸಿ ಆಗಷ್ಟೇ ಕೂತಿದ್ದರು. ವಾಪಸು ಬರುವಾಗ ಅಕ್ಕನ ಬಾಗಿಲು ಮುಚ್ಚಿತ್ತು, ರವಿಕೆ ಸಿಗಲಿಲ್ಲ ಎಂದು ಗೊಣಗುತ್ತಿದ್ದರು. ಅಷ್ಟರಲ್ಲಿ ಅಕ್ಕ ಬಂದರು. ಬೇರೆ ದಾರಿಯಲ್ಲಿ, ಕೆರೆ ಏರಿಯ ಕಡೆಯಿಂದ ಓಡೋಡಿ ಬಂದಿದ್ದರು. ತೋಟದಲ್ಲಿದ್ದ ನಿಮ್ಮ ತಾತನನ್ನು ಕರೆಯಲು ಮೊದಲು ಅಲ್ಲಿಗೆ ಹೋಗಿದ್ದರಂತೆ. ಹಿಂದೆಯೇ ತಾತನೂ ಬಂದರು. ಅಕ್ಕನ ಒಂದು ಕೈಯಲ್ಲಿ ನನ್ನ ರವಿಕೆ, ಇನ್ನೊಂದರಲ್ಲಿ ನನ್ನ ಅಳತೆಯ ದಾರ. ತುಟಿಯಲ್ಲಿ ಇನ್ನೂ ಎರಡು ಪಿನ್ನು ಇದ್ದವು.

"ಏನಮ್ಮ, ಬಿಚ್ಚಾಯ್ತಾ?" ಎಂದರು ಅತ್ತೆ.

"ಇಲ್ಲ. ನಾನು ಬಿಚ್ಚಲ್ಲ."

ಅವರು ನೇರವಾಗಿ ನನ್ನ ಪಕ್ಕ ಕುಕ್ಕರಿಸಿ, ದಾರವನ್ನು ನನ್ನ ತೋಳಿಗೆ ಸುತ್ತಿದರು. ಒಂದು ತಿಂಗಳ ಹಿಂದೆ ತುದಿಗೆ ಸರಿಯಾಗಿ ಸೇರುತ್ತಿದ್ದ ಮೊದಲನೇ ಗಂಟು ಮೂರು ಬೆರಳು ಹಿಂದೆಯೇ ನಿಂತಿತು. ಬಳೆಯನ್ನು ಅಲುಗಿಸಿದರು. ಅಲುಗಲಿಲ್ಲ, ಚರ್ಮದಲ್ಲಿ ಹೂತುಕೊಂಡಿತ್ತು. ಸೀರೆಯ ಅಂಚನ್ನು ಸ್ವಲ್ಪ ಮೇಲೆತ್ತಿ ನನ್ನ ಕಾಲಿನ ಮುಂದಿನ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ತೆಗೆದರು. ನಾದಿದ ಹಿಟ್ಟಿನ ಮೇಲೆ ಒತ್ತಿದ ಹಾಗೆ ಕುಳಿ ಬಿತ್ತು. ಆ ಕುಳಿ ಮೇಲೇಳಲಿಲ್ಲ. ನಾವು ಮೂವರು ಹೆಂಗಸರೂ ಅದನ್ನೇ ನೋಡುತ್ತಾ ಕೂತೆವು...

"ಇದು ಮೈ ಬಂದಿರೋದಲ್ಲ, ದೊಡ್ಡಮ್ಮ. ನೀರು" ಎಂದರು ಅಕ್ಕ. "ತಲೆ ನೋಯ್ತದೇನೇ?"

ನಾನು ತಲೆ ಆಡಿಸಿದೆ.

"ಕಣ್ಣು ಮಂಜು?"

ಅದಕ್ಕೂ ಆಡಿಸಿದೆ. ಅತ್ತೆ ನನ್ನನ್ನೇ ನೋಡಿದರು. "ಬಾಯಿಗೆ ಏನಾಗಿತ್ತೇ ನಿಂಗೆ?" ಎಂದರು. ಆಮೇಲೆ ಸಿಟ್ಟೆಲ್ಲ ಅಕ್ಕನ ಕಡೆ ತಿರುಗಿತು. "ಬಸುರೀರಿಗೆ ಕಾಲು ಊದೋದು ಇದ್ದಿದ್ದೇ. ಹೊಲಿಗೆ ಬಿಚ್ಚಮ್ಮ ಅಂದ್ರೆ ಪಂಡಿತಿಕೆ ಮಾಡೋಕೆ ಬಂದ್ಬಿಟ್ಲು."

ಅಕ್ಕ ಆಗ ಪಿನ್ನುಗಳನ್ನು ತುಟಿಯಿಂದ ತೆಗೆದು ಸೆರಗಿಗೆ ಚುಚ್ಚಿಕೊಂಡರು. "ನನ್ನ ತಂಗೀನ ಅಂತರಘಟ್ಟೆ ಕಡೆಗೆ ಕೊಟ್ಟಿತ್ತು, ನಿಮಗೆ ಗೊತ್ತಲ್ಲ. ಏಳನೇ ತಿಂಗಳಲ್ಲಿ ಯಾರ ಕೈಲೋ ರವಿಕೆ ಕಳಿಸಿದ್ಲು, ತೋಳು ಬಿಗಿ ಅಂತ. ಬಿಚ್ಚಿ ಕಳಿಸ್ದೆ. ಹದಿನೈದು ದಿನಕ್ಕೆ ಮತ್ತೆ ಬಂತು. ಮೈ ತುಂಬ್ಕೊಂಡವ್ಳೆ ಅಂತ ನಗ್ತಾ ಬಿಚ್ಚಿ ಕಳಿಸ್ದೆ. ಮೂರನೇ ಸಲ ರವಿಕೆ ಬರ್ಲಿಲ್ಲ, ದೊಡ್ಡಮ್ಮ. ಸುದ್ದಿ ಬಂತು."

ಅಕ್ಕ ದಾರವನ್ನು ನನ್ನ ತೋಳಿನಿಂದ ತೆಗೆದು ತಮ್ಮ ಬೆರಳಿಗೆ ಸುತ್ತಿಕೊಂಡರು.

"ಫಿಟ್ಸ್ ಬಂದು ಹೋದ್ಲು, ಕೂಸೂ ಹೋಯ್ತು. ಊತ ನೋಡಿದ ದಿನವೇ ಕರ್ಕೊಂಡು ಬಂದಿದ್ರೆ ಅಂತ ಆಸ್ಪತ್ರೆಯೋರು ಅಂದ್ರು. ನೋಡಿದ್ದು ಯಾರು? ನಾನು. ಅವಳ್ನ ಅಲ್ಲ, ಅವಳ ಬಟ್ಟೇನ ನೋಡ್ದೆ. ಅವತ್ತಿಂದ ಬಸುರಿ ರವಿಕೇನ ಬಸುರೀನ ನೋಡ್ದೆ ಎರಡನೇ ಸಲ ಬಿಚ್ಚಿಲ್ಲ. ನೀವು ಬೈಯ್ಯಿರಿ, ಹೊಡೀರಿ. ನಾನು ಬಿಚ್ಚಲ್ಲ."

ನಮ್ಮತ್ತೆ ಎದ್ದು ನಿಂತು ಮಗನಿಗೆ, "ಇನ್ನೂ ನಿಂತ್ಕೊಂಡು ಏನ್ ನೋಡ್ತೀಯೋ? ಈರುಳ್ಳಿ ಲಾರಿ ಹೊರಟೋಯ್ತಾ ನೋಡೋ, ಓಡು!" ಎಂದರು. ನನ್ನನ್ನು ಎಬ್ಬಿಸಲು ಕೈ ಕೊಟ್ಟವರೂ ಅವರೇ.

ಶಿವಮೊಗ್ಗೆಗೆ ಈರುಳ್ಳಿ ಹೇರಿಕೊಂಡು ಹೊರಟಿದ್ದ ಲಾರಿ ಊರ ಮುಂದೆಯೇ ನಿಂತಿತ್ತು. ಮುಂದೆ ಡ್ರೈವರ್ ಪಕ್ಕದಲ್ಲಿ ನಾನು, ಅತ್ತೆ, ಅಕ್ಕ. ತಾತ ಮೇಲೆ ಮೂಟೆಗಳ ಮೇಲೆ ಕೂತರು. ತರೀಕೆರೆಯ ರಸ್ತೆ ಆಗ ಹೇಗಿತ್ತು ಅಂತೀರಿ. ತಾತ ಮೇಲಿಂದ ಕೂಗಿದರು, "ನಿಧಾನಕ್ಕೆ ಹೊಡಿಯಪ್ಪಾ!" ಅಕ್ಕ ಒಳಗಿಂದಲೇ, "ನಿಧಾನ ಬ್ಯಾಡ ಕಣಪ್ಪ, ಗುಂಡಿ ತಪ್ಪಿಸಿ ಜೋರಾಗಿ ಹೊಡಿ" ಎಂದರು. ಆ ಹೆದರಿಕೆಯಲ್ಲೂ ಡ್ರೈವರ್ ನಕ್ಕುಬಿಟ್ಟ. "ಇಬ್ರೂ ಮಾತಾಡ್ಕೊಂಡು ಒಂದು ಹೇಳ್ರಮ್ಮ" ಎಂದ. ದಾರಿಯುದ್ದಕ್ಕೂ ಅತ್ತೆ ನನ್ನ ಕೈ ಬಿಡಲಿಲ್ಲ. ಬಳೆ ಒತ್ತದ ಹಾಗೆ ಹಿಡಿದುಕೊಂಡಿದ್ದರು.

ತರೀಕೆರೆಯ ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರು ನನ್ನ ತೋಳಿಗೆ ಒಂದು ಪಟ್ಟಿ ಸುತ್ತಿ ಗಾಳಿ ತುಂಬಿದರು. ನಾನು ಅದನ್ನು ಮೊದಲ ಸಲ ನೋಡಿದ್ದು. ಅಕ್ಕ ನನ್ನ ಕಿವಿಯಲ್ಲಿ, "ನೋಡು, ಇವರೂ ತೋಳಿನ ಅಳತೇನೇ ತಗೊಳ್ಳೋದು" ಎಂದರು. ನನಗೆ ನಗು ಬಂತು. ಡಾಕ್ಟರು ನಗಲಿಲ್ಲ. ಇನ್ನೊಮ್ಮೆ ನೋಡಿದರು. ರಕ್ತದ ಒತ್ತಡ ಬಹಳ ಏರಿದೆ, ಇವತ್ತೇ ಸೇರಿಸಬೇಕು, ಇಂಥದ್ದರಲ್ಲಿ ಒಂದೊಂದು ದಿನವೂ ಮುಖ್ಯ ಎಂದರು. ಹಿಂದಿನ ಎರಡರ ವಿಚಾರ ಕೇಳಿದರು. ಅತ್ತೆಯೇ ಎಲ್ಲ ಹೇಳಿದರು, ತೌರಿನಲ್ಲಿ ಆದದ್ದನ್ನೂ ಆಗಲೇ ನಮ್ಮವ್ವನಿಂದ ಕೇಳಿ ತಿಳಿದಿದ್ದರು. ನನಗಿಂತ ಅವರಿಗೇ ಎಲ್ಲ ನೆನಪಿತ್ತು, ಯಾವ ದಿನ ಕಾಲು ಊದಿತು, ಯಾವ ದಿನ ಮಿಸುಕಾಟ ನಿಂತಿತು, ಎಲ್ಲ. ಹೇಳುತ್ತಾ ಹೇಳುತ್ತಾ ಅವರಿಗೇ ಅರ್ಥವಾಗುತ್ತಾ ಹೋಯಿತೆಂದು ಕಾಣುತ್ತದೆ, ಮಾತು ನಿಧಾನವಾಯಿತು. ಡಾಕ್ಟರು, "ಆ ಎರಡೂ ಇದರಿಂದಲೇ ಹೋಗಿರಬೇಕಮ್ಮ" ಎಂದರು.

ಆಗ ನಾನು ನನ್ನ ಜೀವಮಾನದಲ್ಲಿ ಮೊದಲ ಬಾರಿಗೆ ಅಪರಿಚಿತರ ಮುಂದೆ ಬಾಯಿ ಬಿಟ್ಟೆ. "ಕುಲಾವಿ ಹೊಲಿದಿದ್ದಕ್ಕೆ ಅಲ್ವಾ?" ಎಂದು ಕೇಳಿದೆ.

ಡಾಕ್ಟರಿಗೆ ಅರ್ಥವಾಗಲಿಲ್ಲ. ಅಕ್ಕ ವಿವರಿಸಿದರು. ಅವರು ನನ್ನ ಭುಜದ ಮೇಲೆ ಕೈಯಿಟ್ಟು, "ಸೂಜಿಗೂ ಇದಕ್ಕೂ ಏನೂ ಸಂಬಂಧವಿಲ್ಲ. ನಿನ್ನ ತಪ್ಪಲ್ಲಮ್ಮ" ಎಂದರು. ಮಕ್ಕಳೇ, ಮೂರು ವರ್ಷದಿಂದ ತಲೆಯ ಮೇಲೆ ಹೊತ್ತಿದ್ದನ್ನು ಯಾರೋ ಬಂದು ಇಳಿಸಿಕೊಂಡ ಹಾಗಾಯಿತು. ಅತ್ತೆ ಗೋಡೆಯ ಕಡೆ ತಿರುಗಿ ಸೆರಗಿನಿಂದ ಮುಖ ಒರೆಸಿಕೊಂಡರು. ಅವರ ತಲೆಯ ಮೇಲೂ ಅಷ್ಟೇ ಭಾರವಿತ್ತೋ ಏನೋ. ಮೊದಲ ಕೂಸಿಗೆ ಬಟ್ಟೆ ಹೊಲಿದಿಟ್ಟ ನಮ್ಮವ್ವನನ್ನು ಅವರು ಎಷ್ಟು ಅಂದಿದ್ದರು! ಹೇಳಿಕೊಳ್ಳೋಣವೆಂದರೆ ಅವ್ವ ಇರಲಿಲ್ಲ.

ಇಪ್ಪತ್ತೆರಡು ದಿನ ಆಸ್ಪತ್ರೆಯ ಮಂಚದ ಮೇಲೆ ಎಡ ಮಗ್ಗುಲಿಗೆ ಮಲಗಿದ್ದೆ. ಉಪ್ಪಿಲ್ಲದ ಗಂಜಿ. ಅತ್ತೆ ತಾವೂ ಉಪ್ಪು ಹಾಕಿಕೊಳ್ಳದೆ ಅದನ್ನೇ ಕುಡಿದರು. "ನಿನ್ನೆದುರಿಗೆ ಸಾರು ಸುರ್‍ಕೊಂಡು ತಿನ್ನೋಕೆ ನಾನೇನು ರಾಕ್ಷಸೀನಾ?" ಎನ್ನುತ್ತಿದ್ದರು. ನಿಮ್ಮ ಅಮ್ಮ ದಿನ ತುಂಬುವ ಮೊದಲೇ, ಡಾಕ್ಟರು ಹೇಳಿದ ದಿನ ಹುಟ್ಟಿದಳು. ಮೊರದಲ್ಲಿ ಮಲಗಿಸಿದರೆ ಮೊರವೇ ದೊಡ್ಡದಾಗಿ ಕಾಣುವಷ್ಟು ಸಣ್ಣ ಕೂಸು. ಆದರೆ ಅತ್ತಳು. ಆ ಅಳುವನ್ನು ಕೇಳಿ ನಾನೂ ಅತ್ತೆಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡು... ನಗುತ್ತಲೇ ಇದ್ದೆವು. ಆಯಾ ಬಂದು, "ಏನು ಅತ್ತೆ ಸೊಸೆ, ಕೂಸು ಅಳ್ತಿದ್ರೆ ನಗ್ತಾ ಕೂತಿದೀರ?" ಎಂದು ಗದರಿದರು.

ಊರಿಗೆ ಬಂದ ದಿನ ಅತ್ತೆ ನಡುಮನೆಗೆ ಹೋಗಿ ಅಕ್ಕಿಯ ಮಡಕೆಗೆ ಮೊಣಕೈವರೆಗೂ ಕೈ ಹಾಕಿದರು. ಅದರ ತಳದಿಂದ ನನ್ನ ಕುಲಾವಿ ತೆಗೆದರು. ಸುಟ್ಟಿರಲಿಲ್ಲ. ಅಕ್ಕಿ ಧೂಳು ಕೊಡವಿ, "ಲಾಡಿ ಇಲ್ವಲ್ಲೇ ಇದಕ್ಕೆ" ಎಂದರು. ನಾನು ಏನೂ ಹೇಳುವ ಮೊದಲೇ ಅದನ್ನು ಹಿಡಿದುಕೊಂಡು ಹಿಂದಿನ ಬೀದಿಗೆ ಹೊರಟರು. ಅಲ್ಲಿ ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ನಮ್ಮತ್ತೆ 'ತಪ್ಪಾಯ್ತು' ಎನ್ನುವವರಲ್ಲ. ಲಾಡಿ ಹಾಕಿಕೊಡು ಎಂದು ಬಾಗಿಲ ಒಳಗೆ ಹೋಗಿ, ಚಾಪೆಯ ಮೇಲೆ ಕೂತರಂತೆ. ಅದೇ ಅವರ ಮಾತು.

ಅಕ್ಕ ಗೋಡೆಯ ಮೊಳೆಯಿಂದ ನನ್ನ ಅಳತೆಯ ದಾರವನ್ನು ತೆಗೆದು, ಎರಡು ತುಂಡು ಮಾಡಿ, ಕುಲಾವಿಯ ಎರಡು ಕಡೆಗೂ ಹೊಲಿದರು. "ಈ ಅಳತೆ ಇನ್ನು ಕೆಲಸಕ್ಕೆ ಬರಲ್ಲ. ತಾಯಾದವಳಿಗೆ ಹೊಸದು ತಗೋಬೇಕು" ಎಂದರಂತೆ. ಗಂಟುಗಳನ್ನು ಬಿಚ್ಚಲಿಲ್ಲ. ಎಡಗಡೆಯ ಲಾಡಿಯಲ್ಲಿ ತೋಳಿನ ಗಂಟು ಇವತ್ತಿಗೂ ಇದೆ.

ಅಕ್ಕ ಆಮೇಲೂ ಬಹಳ ವರ್ಷ ಹೊಲಿದರು. ನಾನು ಅವರಿಗೆ ಕೈ ಮುಗಿದು ನಿಮ್ಮಿಂದ ನನ್ನ ಮಗಳು ಉಳಿದಳು ಎಂದು ಒಂದು ದಿನವೂ ಹೇಳಲಿಲ್ಲ. ನಾಲಿಗೆಯ ತುದಿಗೆ ಬರುತ್ತಿತ್ತು, ಅಲ್ಲೇ ನಿಲ್ಲುತ್ತಿತ್ತು. ಹೇಳಲಾರದ್ದಕ್ಕೆ ನನ್ನ ರವಿಕೆಗಳನ್ನೆಲ್ಲ ಅವರ ಹತ್ತಿರವೇ ಹೊಲಿಸಿದೆ. ಅಜ್ಜಂಪುರದಲ್ಲಿ ಎರಡು ಮೂರು ಟೈಲರ್ ಅಂಗಡಿ ಆದ ಮೇಲೂ ಹೋಗಲಿಲ್ಲ. ಕೊನೆಕೊನೆಗೆ ಅವರ ಕಣ್ಣು ಮಸುಕಾಗಿ ಒಂದು ತೋಳು ಉದ್ದ, ಒಂದು ಗಿಡ್ಡ ಬರುತ್ತಿತ್ತು. ನಿಮ್ಮ ಅಮ್ಮ, "ಇದೇನವ್ವ ಅವತಾರ?" ಎಂದು ರೇಗಿಸುತ್ತಿದ್ದಳು. ನಾನು ಹಾಗೇ ಹಾಕಿಕೊಂಡು ಮದುವೆ ಮುಂಜಿಗೆ ಹೋಗುತ್ತಿದ್ದೆ.

ಅವರು ತೀರಿಹೋದಾಗ ನಾನು ತೌರಿಗೆ ಹೋಗಿದ್ದೆ. ಮೂರು ದಿನ ಬಿಟ್ಟು ಬಂದೆ. ಕೋಣೆಯನ್ನು ಗುಡಿಸಿ ಸಾರಿಸಿಯಾಗಿತ್ತು. ಮಿಷನ್ನು ಯಾರೋ ತೆಗೆದುಕೊಂಡು ಹೋಗಿದ್ದರು. ಗೋಡೆಯ ಮೇಲೆ ಮೊಳೆ ಇತ್ತು, ದಾರ ಇರಲಿಲ್ಲ. ಕೇಳಿದೆ. "ಆ ಹಳೇ ದಾರದ ಗಂಟಾ? ನೀರೊಲೆಗೆ ಹಾಕಿದ್ವಿ" ಎಂದಳು ಅವರ ಅಣ್ಣನ ಸೊಸೆ. ಅವಳ ತಪ್ಪೇನೂ ಇಲ್ಲ. ಅದನ್ನು ಓದಲು ಬರುತ್ತಿದ್ದವರು ಒಬ್ಬರೇ... ಅವರೇ ಹೋಗಿದ್ದರು. ಅಷ್ಟು ವರ್ಷದ ಊರಿನ ಹೆಂಗಸರ ಅಳತೆ ಒಂದು ಹಂಡೆ ನೀರು ಕಾಯಿಸಿತು.

ಬುಧವಾರ ಸಂಜೆ ಮಗಳು, ಮೊಮ್ಮಗಳು ಇಬ್ಬರೂ ಆಸ್ಪತ್ರೆಯಿಂದ ಬಂದರು. ಅಜ್ಜಿಯ ಹಟಕ್ಕೆ ಹೋಗಿ ಬಂದಿದ್ದರು. ನಾನು ಬಾಗಿಲಲ್ಲೇ ನಿಂತಿದ್ದೆ. ಚಪ್ಪಲಿ ಬಿಡುವ ಮೊದಲೇ ಮಗಳು, "ಬೀಪಿ ಸರಿಯಾಗಿದೆ ಕಣವ್ವ. ಊತ ಏನೂ ಇಲ್ಲ. ನಿನ್ನ ಮೊಮ್ಮಗಳು ಹೋಳಿಗೆ ತಿಂದು ದಪ್ಪ ಆಗವ್ಳೆ ಅಷ್ಟೇ" ಎಂದಳು. ನಾನು ಒಳಗೆ ಹೋಗಿ ಮಂಚದ ಮೇಲೆ ಕೂತೆ. ಮೊಮ್ಮಗಳು ಬಂದು ಎದುರಿಗೆ ಕೂತು, ಸೀರೆ ಸ್ವಲ್ಪ ಎತ್ತಿ ಕಾಲು ಚಾಚಿ, "ಒತ್ತಿ ನೋಡಜ್ಜಿ, ಡಾಕ್ಟರೂ ಒತ್ತಿ ನೋಡಿದ್ರು" ಎಂದಳು. ಒತ್ತಿದೆ. ಬೆರಳು ತೆಗೆದ ಕೂಡಲೇ ಚರ್ಮ ಮೇಲಕ್ಕೆ ಬಂತು. ಏನೂ ಉಳಿಯಲಿಲ್ಲ.

ಆಮೇಲೆ ಹಸಿರು ರವಿಕೆಯ ತೋಳು ಬಿಚ್ಚಿ, ಅರ್ಧ ಇಂಚು ಬಿಟ್ಟು, ಮತ್ತೆ ಹೊಲಿದುಕೊಟ್ಟೆ. ಹೊಸ ಹಸಿರು ಒಂದು ಗೆರೆಯ ಹಾಗೆ ಹೊರಗೆ ಕಾಣುತ್ತದೆ, ಕಾಣಲಿ. ಕುಲಾವಿಯನ್ನು ಇನ್ನೂ ತೋರಿಸಿಲ್ಲ. ಅದು ಅಕ್ಕಿಯ ಡ್ರಮ್ಮಿನ ತಳದಲ್ಲಿದೆ. ಸೂಜಿಯಿಂದ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತು. ಆದರೂ ನಮ್ಮತ್ತೆಯ ಮಾತಿಗೆ ಅಷ್ಟಾದರೂ ಬೆಲೆ ಇರಲಿ ಎಂದು ಇಟ್ಟಿದ್ದೇನೆ. ಕೂಸು ಬಂದ ದಿನ ತೆಗೆಯೋಣ.

ಮಗಾ, ರವಿಕೆಯ ಒಳಗೆ ಇನ್ನೂ ಅರ್ಧ ಇಂಚು ಬಟ್ಟೆ ಮಡಚಿದೆ. ಮತ್ತೆ ಬಿಗಿಯಾದರೆ ತಮ್ಮನ ಕೈಯಲ್ಲಿ ಕೊಟ್ಟು ಕಳಿಸಬೇಡ, ಮಂಚದ ಮೇಲೆ ಇಟ್ಟು ಹೋಗಬೇಡ. ರವಿಕೆಯ ಜೊತೆಗೆ ನೀನೂ ಬಾ.